ತೋಟದ ಜೀಪು ಡೀಸೆಲ್ ಹೆಚ್ಚು ಕುಡಿಯುತ್ತಿದೆಯೇ? ಪಂಪು ಬಿಚ್ಚಿಸುವ ಮೊದಲು ನೋಡತಕ್ಕ ಅಂಶಗಳು

ಮಲೆನಾಡು ಹಾಗೂ ಕೊಡಗಿನ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿರುವುದು ಸರಿಯಷ್ಟೆ. ಗೊಬ್ಬರದ ಚೀಲ, ಸಿಂಪರಣೆಯ ಬ್ಯಾರೆಲ್ಲು, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಮೂಟೆ, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದ ರೋಗಿ, ಇವೆಲ್ಲವನ್ನೂ ಹೊತ್ತು ಬೇರೆ ವಾಹನ ಹೋಗಲಾರದ ದಾರಿಯಲ್ಲಿ ಇವು ನಡೆಯುತ್ತವೆ. ಆದರೆ ಕಾರ್ಖಾನೆಯಿಂದ ಬಂದಂತೆಯೇ ಉಳಿದ ಜೀಪು ಈಗ ಬಹು ಅಪರೂಪ. ಮಹೀಂದ್ರ ಸಂಸ್ಥೆಯು ಅಮೆರಿಕದ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಮೊದಲಿಗೆ ಬಂದವು ಪೆಟ್ರೋಲ್ ಜೀಪುಗಳು. ಅನಂತರ ಬಿ-275 ಟ್ರ್ಯಾಕ್ಟರಿನ ಎಂಜಿನ್ನಿನ ಜಾತಿಗೆ ಸೇರಿದ ಡೀಸೆಲ್ ಎಂಜಿನ್ನು, ಮುಂದೆ 1980ರ ದಶಕದಲ್ಲಿ 2112 ಸಿ.ಸಿ.ಯ ಪ್ಯೂಜೊ ಎಂಜಿನ್ನು ಜೀಪುಗಳಿಗೆ ಬಂದವು. ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಮಾಲೀಕರೇ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಟೈರು ದೊಡ್ಡದಾಯಿತು, ಮುಂದೆ ಕಬ್ಬಿಣದ ಬಂಪರು ಬಂದಿತು, ಮೇಲೆ ಕ್ಯಾರಿಯರು ಏರಿತು.

ಇಂತಹ ಜೀಪು ಒಂದು ದಿನ ಹೆಚ್ಚು ಡೀಸೆಲ್ ತಿನ್ನತೊಡಗಿದರೆ ಸಾಧಾರಣವಾಗಿ ಎರಡರಲ್ಲಿ ಒಂದು ಕೆಲಸ ನಡೆಯುತ್ತದೆ. ಒಂದು, ಪಂಪು ಬಿಚ್ಚಿಸುವುದು. ಎರಡು, ಚಾಲಕನನ್ನು ಸಂಶಯಿಸುವುದು. ಎರಡೂ ದುಬಾರಿಯ ಕೆಲಸಗಳು. ಬಹುಪಾಲು ಸಂದರ್ಭಗಳಲ್ಲಿ ಎರಡೂ ಅನಾವಶ್ಯಕ.

ಇದನ್ನು ಧೈರ್ಯವಾಗಿ ಬರೆಯಲು ಕಾರಣವುಂಟು. ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಅಣ್ಣನವರ ತೋಟದಲ್ಲಿ ಈ ಎರಡೂ ನಡೆದವು. ಲೀಟರಿಗೆ 11 ಕಿಲೋಮೀಟರ್ ಕೊಡುತ್ತಿದ್ದ ಡೀಸೆಲ್ ಜೀಪು 8ಕ್ಕೆ ಇಳಿದಿತ್ತು. ಪೇಟೆಯ ಗ್ಯಾರೇಜಿನಲ್ಲಿ ಪಂಪು ಬಿಚ್ಚಿ ಸೇರಿಸಿದರು, ನಾಜಲ್‌ಗಳನ್ನು ಬದಲಿಸಿದರು. ಬಿಲ್ಲು ಬಂದಿತು, ಮೈಲೇಜ್ ಬರಲಿಲ್ಲ. ಆಮೇಲೆ ಹದಿನೆಂಟು ವರ್ಷ ಆ ತೋಟದಲ್ಲಿ ದುಡಿದಿದ್ದ ಚಾಲಕರ ಮೇಲೆ ಕಣ್ಣು ಬಿತ್ತು. ಅಣ್ಣ ಬಾಯಿಬಿಟ್ಟು ಕಳ್ಳತನವೆನ್ನಲಿಲ್ಲ. "ಹಾಕಿದ ಡೀಸೆಲ್ ಎಲ್ಲಿ ಹೋಗ್ತಿದೆ ಅಂತ ನೀವೇ ಹೇಳಿ" ಎಂದರಂತೆ. ಅಷ್ಟು ಸಾಕಾಯಿತು. ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ನಾನು ರಜೆಯ ಮೇಲೆ ಊರಿಗೆ ಹೋದಾಗ ಜೀಪು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತು.

ಮೊದಲು ಅಳತೆ, ಆಮೇಲೆ ಸ್ಪ್ಯಾನರು

ಮೈಲೇಜ್ ಎಂಬುದು ಎರಡು ಅಂಕಿಗಳ ಭಾಗಲಬ್ಧ. ಓಡಿದ ದೂರ ಒಂದು, ಖರ್ಚಾದ ಇಂಧನ ಇನ್ನೊಂದು. ಎರಡರಲ್ಲಿ ಯಾವುದು ತಪ್ಪಾದರೂ ಉತ್ತರ ತಪ್ಪುತ್ತದೆ. ಮಾರ್ಪಡಿಸಿದ ಜೀಪಿನಲ್ಲಿ ಎರಡೂ ತಪ್ಪಾಗಿರುವುದೇ ಹೆಚ್ಚು.

ಇಂಧನದ ಅಳತೆಗೆ ಡ್ಯಾಷ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಒಂದೇ ಬಂಕಿನಲ್ಲಿ, ಜೀಪನ್ನು ಒಂದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೊರೆ ಇಳಿಯುವವರೆಗೆ ಕಾದು ಟ್ಯಾಂಕಿನ ಕತ್ತಿನವರೆಗೆ ತುಂಬಿಸಬೇಕು. ಕನಿಷ್ಠ 20 ಲೀಟರ್ ಖರ್ಚಾಗುವಷ್ಟು ಓಡಿಸಿ ಮತ್ತೆ ಅದೇ ಗುರುತಿನವರೆಗೆ ತುಂಬಿಸಬೇಕು. ಐದು ಲೀಟರ್ ಹಾಕಿ ನೋಡುವ ಪದ್ಧತಿ ಪ್ರಯೋಜನವಿಲ್ಲ. ತುಂಬಿಸುವಾಗ ಅರ್ಧ ಲೀಟರಿನ ವ್ಯತ್ಯಾಸ ಬಂದರೆ 5 ಲೀಟರಿನಲ್ಲಿ ಅದು ನೂರಕ್ಕೆ ಹತ್ತು; 20 ಲೀಟರಿನಲ್ಲಿ ನೂರಕ್ಕೆ ಎರಡೂವರೆ ಮಾತ್ರ.

ಇನ್ನು ದೂರದ ವಿಷಯ. ಹಳೆಯ ಜೀಪುಗಳಲ್ಲಿ ಮೀಟರಿನ ಕೇಬಲ್ಲು ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಿಂದ ಹೊರಡುತ್ತದೆ. ಅಂದರೆ ಮೀಟರು ರಸ್ತೆಯನ್ನು ಅಳೆಯುವುದಿಲ್ಲ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂಬುದನ್ನು ಎಣಿಸುತ್ತದೆ. ಟೈರು ಮೊದಲಿನ ಅಳತೆಯದೇ ಆಗಿರುವವರೆಗೆ ಈ ಲೆಕ್ಕ ಸರಿ. ಮೂಲದ 6.00-16 ಟೈರಿನ ಹೊರವ್ಯಾಸ ಸುಮಾರು 29 ಅಂಗುಲ. ಕೆಸರಿಗೆಂದು ಹಾಕಿಸುವ 7.50-16 ಟೈರಿನದು ಸುಮಾರು 32 ಅಂಗುಲ. ದೊಡ್ಡ ಟೈರು ಒಂದೊಂದು ಸುತ್ತಿಗೂ ನೂರಕ್ಕೆ ಹತ್ತರಷ್ಟು ಹೆಚ್ಚು ದೂರ ಕ್ರಮಿಸುತ್ತದೆ. ಪಾಪ, ಮೀಟರಿಗೆ ಅದು ತಿಳಿಯದು. ಜೀಪು 110 ಕಿ.ಮೀ. ಓಡಿದರೂ ಅದು 100 ಎಂದೇ ತೋರಿಸುತ್ತದೆ.

ಇದನ್ನು ಅಂಗಳದಲ್ಲಿಯೇ ಪರೀಕ್ಷಿಸಬಹುದು. ಟೈರಿನ ಗಾಳಿ ಸರಿಪಡಿಸಿ, ಹಿಂದಿನ ಟೈರಿನ ಬದಿಗೆ ನೆಲ ಮುಟ್ಟುವಲ್ಲಿ ಸುಣ್ಣದ ಗುರುತು ಹಾಕಿ. ನೆಲಕ್ಕೂ ಒಂದು ಗುರುತಿರಲಿ. ಜೀಪನ್ನು ನೇರವಾಗಿ ತಳ್ಳಿ ಚಕ್ರ ಹತ್ತು ಸುತ್ತು ಉರುಳಿದ ಮೇಲೆ ನೆಲದಲ್ಲಿ ಇನ್ನೊಂದು ಗುರುತು ಮಾಡಿ ಟೇಪಿನಿಂದ ಅಳೆಯಿರಿ. 6.00-16 ಟೈರಿನಲ್ಲಿ ಹತ್ತು ಸುತ್ತಿಗೆ ಹೆಚ್ಚುಕಡಿಮೆ 22 ಮೀಟರ್, 7.50-16 ಟೈರಿನಲ್ಲಿ 24ರಿಂದ 25 ಮೀಟರ್ ಬರುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು 20 ಕಿ.ಮೀ. ದೂರ ಎಣಿಸಿ ಮೀಟರಿನೊಂದಿಗೆ ಹೋಲಿಸಿದರೂ ಆಗುತ್ತದೆ. ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನ ನಕ್ಷೆಯೂ ಈ ಕೆಲಸಕ್ಕೆ ಸಾಕು.

ಟೈರಿನ ಬದಲು ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಬದಲಾಗಿದ್ದರೂ ಇದೇ ತಪ್ಪು ನುಸುಳುತ್ತದೆ. ಸಿ.ಜೆ. 3ಬಿ ಜೀಪಿನಲ್ಲಿ ಮೂಲದ ಅನುಪಾತ 5.38. ಬೇರೆ ಅನುಪಾತದ ಆಕ್ಸಲ್ ಕೂರಿಸಿದ ಮೇಲೆ ಮೀಟರಿನ ಸಣ್ಣ ಗೇರನ್ನು ಬದಲಿಸಿದವರು ಎಷ್ಟು ಮಂದಿ? ಕೆಸರಿನಲ್ಲಿ ಚಕ್ರ ನಿಂತಲ್ಲಿಯೇ ಸುತ್ತಿದಾಗ ಮಾತ್ರ ಮೀಟರು ಇದಕ್ಕೆ ವಿರುದ್ಧವಾಗಿ, ಓಡದ ದೂರವನ್ನೂ ಬರೆದುಕೊಳ್ಳುತ್ತದೆ.

ಅಣ್ಣನವರ ಜೀಪಿಗೆ 7.50-16 ಟೈರು ಹಾಕಿಸಿ ಎರಡು ವರ್ಷವಾಗಿತ್ತು. ಮೀಟರಿನ ಪ್ರಕಾರ 160 ಕಿ.ಮೀ.ಗೆ 20 ಲೀಟರ್, ಅಂದರೆ 8. ಸುಣ್ಣದ ಗುರುತಿನ ಲೆಕ್ಕದಲ್ಲಿ ಜೀಪು ನಿಜವಾಗಿ ಓಡಿದ್ದು 176 ಕಿ.ಮೀ., ಅಂದರೆ 8.8. ಒಂದು ಸ್ಕ್ರೂ ಸಡಿಲಿಸದೆಯೇ ಕಾಣೆಯಾದ ಮೂರು ಕಿಲೋಮೀಟರಿನಲ್ಲಿ ಕಾಲುಭಾಗ ಮರಳಿ ಸಿಕ್ಕಿತು.

ತೋಟದೊಳಗಿನ ಓಡಾಟ ಬೇರೆ ಲೆಕ್ಕ

ಲೋ ಗೇರಿನಲ್ಲಿ ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ ತೆವಳುವ ಜೀಪಿಗೆ ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಅಳತೆಗೋಲು ಹಿಡಿಯಬಾರದು. ಮೂಟೆ ಏರಿಸುವಾಗ ಎಂಜಿನ್ ಚಾಲೂ ಇಟ್ಟು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಬ್ಯಾಟರಿ ದುರ್ಬಲವಾಗಿದ್ದು ತಳ್ಳಿ ಹೊರಡಿಸಬೇಕಾದ ಜೀಪಿನಲ್ಲಂತೂ ಎಂಜಿನ್ ನಿಲ್ಲಿಸುವುದೇ ಇಲ್ಲ. ಎರಡು ಲೀಟರ್ ಗಾತ್ರದ ಹಳೆಯ ಡೀಸೆಲ್ ಎಂಜಿನ್ನು ಸುಮ್ಮನೆ ನಿಂತಿದ್ದರೂ ಗಂಟೆಗೆ ಅರ್ಧ ಲೀಟರ್ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಸುಡುತ್ತದೆ. ಕೊಯ್ಲಿನ ಕಾಲದಲ್ಲಿ ದಿನಕ್ಕೆ ಎರಡು ಗಂಟೆ ಹೀಗೆ ನಿಂತರೆ ತಿಂಗಳಿಗೆ ಸುಮಾರು 30 ಲೀಟರ್. ಹೊಸ ಬ್ಯಾಟರಿಯ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆದ್ದರಿಂದ ತೋಟದೊಳಗಿನ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ, ರಸ್ತೆಯ ಓಡಾಟವನ್ನು ಕಿಲೋಮೀಟರಿನ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರೆದಿಡುವುದು ಸೂಕ್ತ.

ಘಟ್ಟದ ಓಡಾಟವನ್ನೂ ಬಯಲಿನ ಓಡಾಟದೊಂದಿಗೆ ಬೆರೆಸಬಾರದು. ಹೊರೆಸಹಿತ 2000 ಕಿಲೋ ತೂಗುವ ಜೀಪನ್ನು 1000 ಮೀಟರ್ ಎತ್ತರಕ್ಕೆ ಏರಿಸಲು, ಹಳೆಯ ಎಂಜಿನ್ನು ಇಂಧನದ ಶಕ್ತಿಯಲ್ಲಿ ಕಾಲುಭಾಗವನ್ನು ಕೆಲಸಕ್ಕೆ ತರುತ್ತದೆಂದು ಹಿಡಿದರೆ, ಏರುವುದಕ್ಕೇ ಎರಡು ಲೀಟರಿಗೂ ಮಿಕ್ಕಿ ಡೀಸೆಲ್ ಬೇಕು. ಇಳಿಯುವಾಗ ಅದು ಮರಳಿ ಬರುವುದಿಲ್ಲ, ಬ್ರೇಕಿನ ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗುತ್ತದೆ. ಇದೇ ಲೆಕ್ಕದಲ್ಲಿ ಕಬ್ಬಿಣದ ಬಂಪರು, ಕ್ಯಾರಿಯರು ಸೇರಿ 100 ಕಿಲೋ ಹೆಚ್ಚಾದರೆ ಅದೇ ಏರಿಗೆ ಹೆಚ್ಚು ಬೇಕಾಗುವುದು ಸುಮಾರು 100 ಮಿಲಿಲೀಟರ್ ಮಾತ್ರ. ಬಂಪರನ್ನು ದೂರುವವರು ಇದನ್ನು ಗಮನಿಸಬೇಕು. ಅದು ಸಣ್ಣ ಕಳ್ಳ. ದೊಡ್ಡ ಕಳ್ಳರು ಬೇರೆ ಇದ್ದಾರೆ.

ಜೀಪು ಸಲೀಸಾಗಿ ಉರುಳುತ್ತದೆಯೇ?

ಎಂಜಿನ್ನಿನ ಕಡೆಗೆ ಹೋಗುವ ಮೊದಲು ಚಕ್ರಗಳ ಕಡೆಗೆ ನೋಡಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಗೇರು ನ್ಯೂಟ್ರಲ್ಲಿನಲ್ಲಿಟ್ಟು ಖಾಲಿ ಜೀಪನ್ನು ಇಬ್ಬರು ತಳ್ಳಿದರೆ ಅದು ಉರುಳಬೇಕು. ನಾಲ್ವರು ಬೇಕಾದರೆ ಎಲ್ಲೋ ಹಿಡಿತವಿದೆ.

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕು ಒತ್ತದೆ ನಿಲ್ಲಿಸಿ ನಾಲ್ಕೂ ಡ್ರಮ್ಮುಗಳ ಬಿಸಿಯನ್ನು ಹೋಲಿಸಿ. ನೇರವಾಗಿ ಮುಟ್ಟಬೇಡಿ. ಅಂಗೈಯ ಹಿಂಭಾಗವನ್ನು ಹತ್ತಿರ ಹಿಡಿದರೆ ಸಾಕು, ಅಥವಾ ನೀರು ಚಿಮುಕಿಸಿ ನೋಡಿ. ಒಂದು ಡ್ರಮ್ಮಿನ ಮೇಲೆ ನೀರು ಚುಂಯ್ ಎಂದು ಆರಿ ಉಳಿದವುಗಳ ಮೇಲೆ ನಿಂತರೆ ಆ ಚಕ್ರದ ಬ್ರೇಕು ಬಿಡುತ್ತಿಲ್ಲವೆಂದು, ಇಲ್ಲವೆ ಬೇರಿಂಗ್ ಹಾಳಾಗಿದೆಯೆಂದು ತಿಳಿಯಬೇಕು. ಕೆಸರು ನೀರಿನಲ್ಲಿ ಓಡುವ ಜೀಪುಗಳಲ್ಲಿ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಒತ್ತಿದ ಜಾಗದಲ್ಲಿಯೇ ಕೂರುವುದು ಸಾಮಾನ್ಯ. ಅಣ್ಣನವರ ಜೀಪಿನ ಹಿಂದಿನ ಎಡಚಕ್ರದಲ್ಲಿ ಕಂಡುಬಂದದ್ದು ಇದೇ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ. ನಾಲ್ಕು ಚಕ್ರ ನೋಡಿ ಇದನ್ನು ಮರೆಯುವವರೇ ಹೆಚ್ಚು.

ಮುಂದಿನದು ಫೋರ್ ವೀಲ್. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಆಗದೆ ಶಾಫ್ಟುಗಳು ಒಂದಕ್ಕೊಂದು ಸೆಣಸುತ್ತವೆ. ಟೈರು ಸವೆಯುತ್ತದೆ, ಜಾಯಿಂಟುಗಳು ಸಡಿಲಾಗುತ್ತವೆ, ಡೀಸೆಲ್ ಸುಡುತ್ತದೆ. ತೋಟದಿಂದ ಹೊರಬಿದ್ದೊಡನೆ ಲಿವರನ್ನು ಟೂ ವೀಲಿಗೆ ತರತಕ್ಕದ್ದು. ಲಿವರು ಬಂದರೂ ಒಳಗಿನ ಫೋರ್ಕು ಸವೆದು ಗೇರು ಬಿಟ್ಟುಕೊಳ್ಳದಿರಬಹುದು. ಹಿಂದಿನ ಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಟ್ಟು, ಲಿವರು ಟೂ ವೀಲಿನಲ್ಲಿಯೂ ಮುಖ್ಯ ಗೇರು ಒಂದರಲ್ಲಿಯೂ ಇರುವಂತೆ, ಎಂಜಿನ್ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳನ್ನು ಜ್ಯಾಕಿನಿಂದೆತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಎರಡನ್ನೂ ಕೈಯಿಂದ ಒಟ್ಟಿಗೆ ಮುಂದಕ್ಕೆ ತಿರುಗಿಸಿದಾಗ ಅವು ಸಲೀಸಾಗಿ ತಿರುಗಿದರೆ ಸರಿ. ಬಿಗಿಯಾಗಿ ನಿಂತರೆ ಫೋರ್ ವೀಲ್ ಇನ್ನೂ ಹಿಡಿದಿದೆ ಎಂದರ್ಥ. ಮುಂದಿನ ಚಕ್ರಗಳಿಗೆ ಫ್ರೀವೀಲ್ ಹಬ್ಬು ಹಾಕಿಸಿಕೊಂಡವರು ಅದನ್ನು ಬಿಡಿಸಿಟ್ಟು ಈ ಪರೀಕ್ಷೆ ಮಾಡಿದರೆ ಉತ್ತರ ಸಿಗದು, ಲಾಕ್ ಮಾಡಿಯೇ ನೋಡಬೇಕು. ಓಡಾಟದಲ್ಲಾದರೋ ಕೆಸರು ದಾಟಿದ ಮೇಲೆ ಅದನ್ನು ಬಿಡಿಸಲು ಮರೆಯಬಾರದು.

ಟೈರಿನ ಗಾಳಿಯ ಬಗೆಗೆ ಒಂದು ಮಾತು. ಕೆಸರಿನಲ್ಲಿ ಹಿಡಿತ ಬರಲೆಂದು ಗಾಳಿ ಇಳಿಸುವುದು ಒಳ್ಳೆಯ ಉಪಾಯವೇ. ಅದೇ ಗಾಳಿಯಲ್ಲಿ ಪೇಟೆಗೆ ಹೋಗಿಬರುವುದು ತಪ್ಪು. ಅರ್ಧ ಗಾಳಿಯ ಟೈರು ಒಂದೊಂದು ಸುತ್ತಿನಲ್ಲಿಯೂ ನಜ್ಜುಗುಜ್ಜಾಗಿ ಎದ್ದು ಬಿಸಿಯಾಗುತ್ತದೆ, ಆ ಬಿಸಿಯೂ ಡೀಸೆಲ್ಲಿನಿಂದಲೇ ಬಂದದ್ದು. ಕಾಲಿನ ಪಂಪೊಂದು ಜೀಪಿನಲ್ಲಿರಲಿ. ದಪ್ಪ ಗುಬ್ಬಿಗಳ ಮಣ್ಣಿನ ಟೈರು ಗಾಳಿ ಸರಿಯಿದ್ದರೂ ಟಾರಿನ ಮೇಲೆ ಸಾದಾ ಟೈರಿಗಿಂತ ಭಾರವಾಗಿ ಉರುಳುತ್ತದೆ. ಈ ನಷ್ಟವನ್ನು ತಪ್ಪಿಸಲಾಗದು. ಮಳೆಗಾಲದ ಹಿಡಿತಕ್ಕೆ ನಾವು ಕೊಡುವ ಬೆಲೆ ಅದು.

ದೊಡ್ಡ ಟೈರಿನಿಂದ ಇನ್ನೊಂದು ಪರಿಣಾಮವಿದೆ. 5.38 ಅನುಪಾತದ ಜೀಪಿಗೆ 32 ಅಂಗುಲದ ಟೈರು ಹಾಕಿದರೆ ಅದು ಸುಮಾರು 4.87 ಅನುಪಾತದ ಜೀಪಿನಂತೆ ವರ್ತಿಸುತ್ತದೆ. ಬಯಲಿನಲ್ಲಿ ಎಂಜಿನ್ನಿನ ಸುತ್ತು ಕಡಿಮೆಯಾಗಿ ಲಾಭವೇ ಆಗಬಹುದು. ಏರಿನಲ್ಲಿ ಮೊದಲು ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಜಾಗಕ್ಕೆ ಎರಡನೆಯದು ಬೇಕಾಗುತ್ತದೆ. ಹಳೆಯ ಅಭ್ಯಾಸದಂತೆ ಮೂರರಲ್ಲಿಯೇ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೆ ಕಪ್ಪು ಹೊಗೆ ಹೊರಟು ಇಂಧನ ಅರೆಬೆಂದು ಹೋಗುತ್ತದೆ. ಕ್ಲಚ್ಚಿಗೂ ಹೊರೆ ಹೆಚ್ಚು. ಎಂಜಿನ್ನಿನ ಸದ್ದು ಏರಿದರೂ ಜೀಪು ಏರದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬಹುದು.

ತಣ್ಣಗೆ ಓಡುವ ಎಂಜಿನ್ನು

ಇದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾದ ಅಂಶ. ಬೇಸಿಗೆಯಲ್ಲಿ ಘಟ್ಟ ಹತ್ತುವಾಗ ಜೀಪು ಒಮ್ಮೆ ಕಾಯ್ದು ನೀರು ಕುದಿಯಿತೆನ್ನಿ. ರೇಡಿಯೇಟರು ಕಟ್ಟಿಕೊಂಡಿದೆಯೇ, ಫ್ಯಾನ್ ಬೆಲ್ಟು ಸಡಿಲವೇ ಎಂದು ನೋಡುವ ಬದಲು ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವನ್ನು ಕಿತ್ತು ಬಿಸಾಡುವ ಪದ್ಧತಿ ಊರೂರಿನಲ್ಲಿಯೂ ಇದೆ. "ನಮ್ಮ ದೇಶಕ್ಕೆ ಇದು ಬೇಡ ಸಾರ್" ಎಂಬ ಮಾತನ್ನು ನಾನೇ ಹಲವು ಕಡೆ ಕೇಳಿದ್ದೇನೆ.

ಎಂಜಿನ್ನಿನ ನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಈ ವಾಲ್ವು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಮಲೆನಾಡಿನ ಜುಲೈ ತಿಂಗಳ ಮಳೆಯಲ್ಲಿ, ನಾಲ್ಕಾರು ಕಿಲೋಮೀಟರಿನ ಓಡಾಟದಲ್ಲಿ, ಎಂಜಿನ್ನು ಬೆಚ್ಚಗಾಗುವುದೇ ಇಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ. ಎಣ್ಣೆ ಮಂದವಾಗಿದ್ದು ಎಂಜಿನ್ನು ತನ್ನನ್ನು ತಾನೇ ಎಳೆದುಕೊಳ್ಳಬೇಕಾಗುತ್ತದೆ. ಉರಿಯದ ಡೀಸೆಲ್ ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದು ಕೆಳಗಿನ ಎಣ್ಣೆಗೆ ಸೇರಿ ಸವೆತವೂ ಹೆಚ್ಚುತ್ತದೆ. ಕಾಯುವುದು ಕಣ್ಣಿಗೆ ಕಾಣುವ ರೋಗ. ತಣ್ಣಗಿರುವುದು ಕಾಣದ ರೋಗ.

ವಾಲ್ವು ಇದೆಯೇ ಎಂದು ತಿಳಿಯಲು ಬೆಳಿಗ್ಗೆ ಎಂಜಿನ್ ಹೊರಡಿಸಿ ರೇಡಿಯೇಟರಿನ ಮೇಲಿನ ರಬ್ಬರ್ ಹೋಸನ್ನು, ಫ್ಯಾನಿಗೆ ಕೈ ತಾಗದಂತೆ, ಆಗಾಗ ಮುಟ್ಟಿ ನೋಡಿ. ಸ್ವಲ್ಪ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ವಾಲ್ವು ಕೆಲಸ ಮಾಡುತ್ತಿದೆ. ಮೊದಲಿನಿಂದಲೂ ನಿಧಾನವಾಗಿ ಉಗುರುಬೆಚ್ಚಗಾಗುತ್ತ ಹೋದರೆ ವಾಲ್ವು ಇಲ್ಲ ಅಥವಾ ತೆರೆದೇ ನಿಂತಿದೆ. ಬಿಚ್ಚಿದ ವಾಲ್ವನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದರೆ ಅದರ ಮೇಲೆ ಮುದ್ರಿಸಿದ ಉಷ್ಣತೆಯ ಆಸುಪಾಸಿನಲ್ಲಿ ತೆರೆದುಕೊಳ್ಳಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಕೂಡದು.

ಅಣ್ಣನವರ ಜೀಪಿನಲ್ಲಿ ವಾಲ್ವು ಇರುವ ಜಾಗ ಬರಿದಾಗಿತ್ತು. ಹಿಂದಿನ ಬೇಸಿಗೆಯಲ್ಲಿ ತೆಗೆದುಹಾಕಿದ್ದರಂತೆ. ಮೈಲೇಜ್ ಇಳಿದಿದ್ದು ಯಾವಾಗ ಎಂದು ಕೇಳಿದರೆ, "ಈ ಮಳೆಗಾಲದಿಂದ" ಎಂದರು. ವಾಲ್ವು ಹಾಕಿಸಿ, ಬ್ರೇಕು ಬಿಡಿಸಿ, ಅದೇ ರಸ್ತೆಯಲ್ಲಿ ನಿಜವಾದ 176 ಕಿ.ಮೀ. ಓಡಿಸಿದೆವು. ಹಿಡಿದದ್ದು 17 ಲೀಟರ್. ಲೀಟರಿಗೆ 10 ದಾಟಿತು. ಹಳೆಯ 11ಕ್ಕೆ ಉಳಿದ ಕೊರತೆಯನ್ನು ನಾನು ಮಣ್ಣಿನ ಟೈರಿನ ಲೆಕ್ಕಕ್ಕೆ ಬರೆದೆ.

ಆದರೂ ತಿಂಗಳ ಒಟ್ಟು ಡೀಸೆಲ್ಲಿನಲ್ಲಿ ಹತ್ತು ಲೀಟರ್ ಕೂಡುತ್ತಿರಲಿಲ್ಲ. ತೋಟದ ರೈಟರ್ ತಮ್ಮ ಪುಸ್ತಕ ತಂದು ತೋರಿಸಿದರು. ಮಾರ್ಚಿಯಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪಂಪಿನ ಡೀಸೆಲ್ ಮುಗಿದು, ಜೀಪಿನ ಟ್ಯಾಂಕಿನಿಂದ ಎರಡು ಸಲ ಐದೈದು ಲೀಟರ್ ತೆಗೆಯಲಾಗಿತ್ತು. ತೆಗೆಯಲು ಹೇಳಿದವರು ಅಣ್ಣನೇ. ಅವರು ಆ ಪುಟವನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿದರು. ಆ ಸಂಜೆ ತಾವೇ ನಡೆದು ಚಾಲಕರ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೊಟ್ಟಿಗೆಯ ಕಡೆಯಿಂದ ಜೀಪು ಹೊರಡುವ ಸದ್ದು ಕೇಳಿಸಿತು.

ಗಾಳಿ, ಹೊಗೆ, ಕೊನೆಗೆ ಪಂಪು

ಮೇಲ್ಕಂಡ ಎಲ್ಲವೂ ಸರಿಯಾಗಿದ್ದು ಇಂಧನ ಇನ್ನೂ ಹೆಚ್ಚು ಖರ್ಚಾಗುತ್ತಿದ್ದರೆ ಆಗ ಎಂಜಿನ್ನಿನ ಸರದಿ. ಇಲ್ಲಿಯೂ ಮೊದಲು ಖರ್ಚಿಲ್ಲದ್ದನ್ನು ನೋಡಬೇಕು.

ಹಳೆಯ ಜೀಪುಗಳಲ್ಲಿ ಎಣ್ಣೆಯ ಏರ್ ಕ್ಲೀನರ್ ಇರುತ್ತದೆ. ಬಟ್ಟಲಿನ ಎಣ್ಣೆ ಗುರುತಿನವರೆಗೆ ಮಾತ್ರ ಇರಬೇಕು. ಹೆಚ್ಚು ಹಾಕಿದರೆ ಗಾಳಿಯ ದಾರಿ ಕಟ್ಟುತ್ತದೆ, ಎಣ್ಣೆಯೂ ಒಳಗೆ ಎಳೆಯಲ್ಪಡುತ್ತದೆ. ಧೂಳಿನ ತಿಂಗಳುಗಳಲ್ಲಿ ಬಟ್ಟಲಿನ ತಳದ ಕೆಸರನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಎಂಜಿನ್ ಬದಲಿಸಿದ ಜೀಪುಗಳಲ್ಲಿ ಕ್ಲೀನರು ಮತ್ತು ಎಂಜಿನ್ನಿನ ನಡುವಿನ ಹೋಸು ಅಳತೆಗೆ ಸರಿಹೊಂದದೆ ಬಾಗಿ ಚಪ್ಪಟೆಯಾಗಿರುವುದುಂಟು.

ಹೊಗೆಯ ಬಣ್ಣ ಬಹಳಷ್ಟು ಹೇಳುತ್ತದೆ. ಬಿಸಿ ಎಂಜಿನ್ನಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿಗೆ ಮೀರಿ ಇಂಧನ ಹೋಗುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಟೈಮಿಂಗ್ ಹಿಂದೆ ಬಿದ್ದಿದೆ, ಇಲ್ಲವೆ ಕಂಪ್ರೆಷನ್ ಇಳಿದಿದೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಅದು ರಿಂಗು ಅಥವಾ ವಾಲ್ವ್ ಗೈಡಿನ ವಿಚಾರ.

ಕೆಲವು ಪಂಪುಗಳಲ್ಲಿ ಗಾಳಿಯ ಎಳೆತದಿಂದ ನಡೆಯುವ ಗವರ್ನರ್ ಇರುತ್ತದೆ. ಎಂಜಿನ್ನು ಗಾಳಿ ಎಳೆಯುವ ಕೊಳವೆಯಿಂದ ಒಂದು ಸಣ್ಣ ನಳಿಗೆ ಪಂಪಿನ ಹಿಂಭಾಗಕ್ಕೆ ಬಂದು ಅಲ್ಲಿಯ ತೊಗಲಿನ ಪರದೆಯನ್ನು ಎಳೆದು ಇಂಧನವನ್ನು ಹತೋಟಿಯಲ್ಲಿಡುತ್ತದೆ. ನಳಿಗೆ ಬಿರಿದರೆ, ಕೀಲು ಸಡಿಲಾದರೆ, ಪರದೆ ಹರಿದರೆ, ಸ್ಪ್ರಿಂಗು ಪಂಪನ್ನು ಪೂರ್ತಿ ಇಂಧನದ ಕಡೆಗೆ ತಳ್ಳುತ್ತದೆ. ಆಗ ಎಂಜಿನ್ನು ನಿಂತಲ್ಲಿಯೇ ಜೋರಾಗಿ ಕೂಗುತ್ತ ಕಪ್ಪು ಹೊಗೆ ಉಗುಳುತ್ತದೆ. ಅಂಥ ಲಕ್ಷಣ ಕಂಡರೆ ಪಂಪು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಈ ನಳಿಗೆಯನ್ನು ಬೆರಳಿನಿಂದ ತಡಕಿ ನೋಡುವುದು ಉಚಿತ.

ನಾಜಲ್‌ಗಳನ್ನು ಪರೀಕ್ಷಾ ಯಂತ್ರದ ಮೇಲೆಯೇ ನೋಡಿಸಬೇಕು. ಸಿಂಪರಣೆ ಮಂಜಿನಂತಿರಬೇಕು, ತೊಟ್ಟಿಕ್ಕಬಾರದು. ನಾಜಲ್ಲಿನಿಂದ ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಿದರೆ ಅದು ಚರ್ಮದೊಳಗೆ ತೂರಿಹೋಗಿ ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಗಾಯ ಎಷ್ಟು ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸಿ "ಎಳೆತ" ಬರಿಸಿಕೊಂಡ ಜೀಪುಗಳೂ ಉಂಟು. ಅವು ಏರಿನಲ್ಲಿ ಕಪ್ಪು ಹೊಗೆ ಬಿಟ್ಟರೆ ಆಶ್ಚರ್ಯವಿಲ್ಲ, ಪಂಪನ್ನು ಮೂಲದ ಅಳತೆಗೆ ಹೊಂದಿಸುವುದೇ ಅದಕ್ಕೆ ಮದ್ದು. ಅಗ್ಗವೆಂದು ಸೀಮೆಎಣ್ಣೆ ಬೆರೆಸುವುದು ಕಾನೂನಿಗೆ ವಿರುದ್ಧ. ಅದರ ಜೊತೆಗೆ ಡೀಸೆಲ್ಲಿನ ಜಿಡ್ಡಿನಿಂದಲೇ ನಡೆಯುವ ಪಂಪಿನ ಪ್ಲಂಜರುಗಳನ್ನು ಸವೆಸುತ್ತದೆ.

ಕ್ಯಾನಿನ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಗುರುತು ಹಾಕಿದ ಒಂದು ಲೀಟರಿನ ಕ್ಯಾನಿನಿಂದ ನೇರವಾಗಿ ಎಂಜಿನ್ನಿಗೆ ಡೀಸೆಲ್ ಕೊಟ್ಟು ಎಷ್ಟು ದೂರ ಓಡಿತೆಂದು ನೋಡುವುದು ಒಳ್ಳೆಯ ವಿಧಾನ. ಆದರೆ ನಾಜಲ್ ಮತ್ತು ಫಿಲ್ಟರಿನಿಂದ ಮರಳುವ ಡೀಸೆಲ್ಲಿನ ನಳಿಗೆಯನ್ನೂ ಅದೇ ಕ್ಯಾನಿಗೆ ಬಿಡಬೇಕು. ಅದು ಟ್ಯಾಂಕಿಗೆ ಹೋಗುತ್ತಿದ್ದರೆ ಸುಡದ ಡೀಸೆಲ್ಲೂ ಸುಟ್ಟ ಲೆಕ್ಕಕ್ಕೆ ಬರುತ್ತದೆ.

ಇನ್ನೂ ಪೆಟ್ರೋಲಿನಲ್ಲಿಯೇ ಓಡುವ ಹಳೆಯ ಜೀಪು ಇಟ್ಟುಕೊಂಡವರು ಚೋಕ್ ಪೂರ್ತಿ ತೆರೆಯುತ್ತದೆಯೇ, ಕಾರ್ಬುರೇಟರಿನ ಫ್ಲೋಟು ತೂತಾಗಿದೆಯೇ, ಪಾಯಿಂಟಿನ ಅಂತರ ಸರಿಯಿದೆಯೇ ಎಂದು ನೋಡಬೇಕು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್ ವ್ಯಾಪಕವಾಗಿ ಬಂದಿದೆ. ಅಷ್ಟೇ ಗಾತ್ರದ ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿ ಶಕ್ತಿ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಆದ್ದರಿಂದ ಈ ಮಿಶ್ರಣದ ಒಂದು ಲೀಟರಿನಲ್ಲಿ ನೂರಕ್ಕೆ ಆರೇಳು ಭಾಗ ಶಕ್ತಿ ಕಡಿಮೆಯಿರುತ್ತದೆ. ಹಳೆಯ ಪೆಟ್ರೋಲ್ ಪಂಪಿನ ರಬ್ಬರ್ ಪರದೆ, ನಳಿಗೆಗಳನ್ನು ಇದು ಮೆತ್ತಗಾಗಿಸುವ ಸಂಭವವಿರುವುದರಿಂದ ಅವುಗಳನ್ನು ಆಗಾಗ ಪರಿಶೀಲಿಸಬೇಕು.

ಎಂಜಿನ್ ಬದಲಿಸಿದ ಜೀಪಿನ ವಿಚಾರದಲ್ಲಿ ವಿಸ್ತರಣಾ ಕಾರ್ಯಕರ್ತರು ರೈತರಿಗೆ ಇನ್ನೊಂದನ್ನೂ ತಿಳಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಇಂತಹ ಬದಲಾವಣೆಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು, ಅದು ನೋಂದಣಿ ಪತ್ರದಲ್ಲಿ ನಮೂದಾಗಿರಬೇಕು. ಅಪಘಾತವಾದ ಮೇಲೆ ವಿಮೆಯ ಕಚೇರಿಯಲ್ಲಿ ಇದು ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲು.

ಜೀಪಿನಲ್ಲಿ ಇಡುವ ಪುಸ್ತಕಕ್ಕೆ ಆರು ಅಂಕಣಗಳು ಸಾಕು: ದಿನಾಂಕ, ಮೀಟರಿನ ಅಂಕಿ, ತುಂಬಿಸಿದ ಲೀಟರು, ರಸ್ತೆಯ ಕಿಲೋಮೀಟರು, ತೋಟದೊಳಗಿನ ಗಂಟೆ, ಬೇರೆ ಕೆಲಸಕ್ಕೆ ತೆಗೆದ ಡೀಸೆಲ್. ಟೈರು ಬದಲಿಸಿದ ದಿನ ಮೊದಲ ಪುಟದಲ್ಲಿ ಹತ್ತು ಸುತ್ತಿನ ಅಳತೆಯನ್ನು ಹೊಸದಾಗಿ ಬರೆದು, ಮೀಟರಿನ ಅಂಕಿಯನ್ನು ಎಷ್ಟರಿಂದ ಗುಣಿಸಬೇಕೆಂಬುದನ್ನು ಅದರ ಕೆಳಗೆ ನಮೂದಿಸಬೇಕು. ಅಣ್ಣನವರ ಜೀಪಿನಲ್ಲಿ ಆ ಅಂಕಿ 1.1. ಈಗ ಚಾಲಕರು ಅದನ್ನು ಮೀಟರಿನ ಗಾಜಿನ ಮೇಲೆಯೇ ಬಣ್ಣದಲ್ಲಿ ಬರೆದಿದ್ದಾರೆ.